ಪಂಚಾಯ್ತಿಯಿಂದ ಮುಕ್ತ ವಿವಿಗೆ: ಜಿ. ರಾಮ್ ರೆಡ್ಡಿ ನಡೆದ ದಾರಿ

ಹೈದರಾಬಾದಿನ ಕನ್ನಡಿಗರೇ, ಜುಬಿಲಿ ಹಿಲ್ಸ್ ಕಡೆ ಹೋದಾಗ ಅಂಬೇಡ್ಕರ್ ಮುಕ್ತ ವಿವಿಯ ಬೋರ್ಡು ನೋಡಿರ್ತೀರಿ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಅದು. ಇವತ್ತಿನ ಮಾತು ಅದರ ಮೊದಲ ಕುಲಪತಿ ಜಿ. ರಾಮ್ ರೆಡ್ಡಿಯವರ ಬಗ್ಗೆ.

ಕರೀಂನಗರ ಜಿಲ್ಲೆಯವರು. ಉಸ್ಮಾನಿಯಾದಲ್ಲಿ ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತದ ಮೇಷ್ಟ್ರು. 1959ರಲ್ಲಿ ರಾಜಸ್ಥಾನದ ಬೆನ್ನಿಗೇ ಆಂಧ್ರದಲ್ಲೂ ಪಂಚಾಯತ್ ರಾಜ್ ಬಂತಲ್ಲ, ಅದೇ ಅವರ ಅಧ್ಯಯನದ ವಸ್ತುವಾಯ್ತು. ಅಧಿಕಾರ ಹಳ್ಳಿಗೆ ಇಳಿದರೆ ಯಾರ ಕೈ ಸೇರುತ್ತೆ, ಯಾರು ಹೊರಗೇ ಉಳೀತಾರೆ? ಈ ವಿಷಯದ ಮೂಲ ಪ್ರಶ್ನೆ ಇದು. ಆಮೇಲೆ ಅವರು ಮಾಡಿದ ಆಡಳಿತದಲ್ಲೂ ನನಗೆ ಇದೇ ಪ್ರಶ್ನೆ ಕಾಣುತ್ತೆ.

1977ರಲ್ಲಿ ಉಸ್ಮಾನಿಯಾದ ಕುಲಪತಿಯಾದರು. 1982ರಲ್ಲಿ ಆಂಧ್ರ ಪ್ರದೇಶ ಮುಕ್ತ ವಿವಿ ಹುಟ್ಟಿದಾಗ ಅದರ ಹೊಣೆ ಹೊತ್ತರು. ಅಂಚೆ ಶಿಕ್ಷಣ ಹೊಸದೇನಲ್ಲ. ದೆಹಲಿ ವಿವಿ 1962ರಲ್ಲೇ ಶುರುಮಾಡಿತ್ತು, ಮೈಸೂರು ವಿವಿ 1969ರಲ್ಲಿ. ಆದ್ರೆ ಅಲ್ಲಿ ಅದು ದೊಡ್ಡ ಮನೆಯ ಹಿತ್ತಲ ಬಾಗಿಲು. ಇಲ್ಲಿ ಅದೇ ಹೆಬ್ಬಾಗಿಲು. ಇಂಟರ್ ಮುಗಿಸದವರೂ ಆಗ ಅರ್ಹತಾ ಪರೀಕ್ಷೆ ಬರೆದು ಪದವಿಗೆ ಸೇರಬಹುದಿತ್ತು. ಪಾಠ ತೆಲುಗಿನಲ್ಲೂ ಮನೆಗೆ ಬರುತ್ತೆ. ಸಂಶಯ ಕೇಳೋಕೆ ಹತ್ತಿರದ ಕಾಲೇಜಿನಲ್ಲೇ ಅಧ್ಯಯನ ಕೇಂದ್ರ.

1985ರಲ್ಲಿ ಸಂಸತ್ತು ಇಗ್ನೋ ಸ್ಥಾಪಿಸಿದಾಗ ಅಲ್ಲಿಗೂ ಮೊದಲ ಕುಲಪತಿ ಇವರೇ. 1987ರಲ್ಲಿ ಎರಡು ಡಿಪ್ಲೊಮಾ, 4,528 ವಿದ್ಯಾರ್ಥಿಗಳು, ಇಷ್ಟರಿಂದ ಶುರು. ಇವತ್ತು ಅದು ಲಕ್ಷಾಂತರ ಜನ ಓದುವ ಸಂಸ್ಥೆ. 1991ರಲ್ಲಿ ಯುಜಿಸಿ ಅಧ್ಯಕ್ಷರಾದರು. 1995ರಲ್ಲಿ ತೀರಿಕೊಂಡರು. ಮರುವರ್ಷವೇ ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿವಿ ಆಯ್ತು.

ಎಲ್ಲ ಸಲೀಸಾಗಿಲ್ಲ, ನಿಜ. ಹೆಸರು ಬರೆಸಿದವರೆಲ್ಲ ಪದವಿ ಮುಗಿಸಲ್ಲ. ಕೆಲಸದ ಸಂದರ್ಶನದಲ್ಲಿ "ಕರೆಸ್ಪಾಂಡೆನ್ಸಾ?" ಅನ್ನೋ ಮೂಗುಮುರಿತ ಇನ್ನೂ ಇದೆ. ಆದ್ರೆ ಹಗಲು ದುಡಿದು ರಾತ್ರಿ ಓದುವವರಿಗೆ, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳಿಗೆ ಬೇರೆ ಯಾವ ವಿವಿ ಬಾಗಿಲು ತೆರೆದಿತ್ತು ಹೇಳಿ?

ನಾವು ಕನ್ನಡದಲ್ಲಿ 'ಮುಕ್ತ' ಅಂತೀವಿ. ತೆಲುಗರು ಇದನ್ನೇ 'ಸಾರ್ವತ್ರಿಕ' ವಿಶ್ವವಿದ್ಯಾಲಯ ಅಂತಾರೆ. ಬಾಗಿಲು ತೆರೆದಿಟ್ಟರೆ ಮುಕ್ತ. ಬರಲಾರದವರ ಊರಿಗೇ ಹೋದರೆ ಸಾರ್ವತ್ರಿಕ. ಪಂಚಾಯ್ತಿ ಓದಿದ ಮೇಷ್ಟ್ರಿಗೆ ಈ ಎರಡನೇ ಪದವೇ ಹೆಚ್ಚು ಒಪ್ಪುತ್ತೆ ಅಂತ ನನಗನಿಸುತ್ತೆ.