ಕಿರಿಯ ಮಕ್ಕಳಿಗೆ ಕಂಪ್ಯೂಟರ್ ಪಾಠ ಮತ್ತು ಮೊಬೈಲ್ ಎಚ್ಚರಿಕೆ: ಗಡಿಭಾಗದ ಪೋಷಕರಿಗೆ ಮಾಹಿತಿ

ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಏನು ಕಲಿಸಬೇಕು, ಕೈಗೆ ಮೊಬೈಲ್ ಕೊಡುವಾಗ ಏನು ಹೇಳಿಕೊಡಬೇಕು ಎಂಬ ಬಗ್ಗೆ ಸದಸ್ಯರ ಉಪಯೋಗಕ್ಕಾಗಿ ಈ ಮಾಹಿತಿ. ಎಲ್ಲ ಊರಿನ ಪೋಷಕರಿಗೂ ಇರುವ ಪ್ರಶ್ನೆಯೇ ಇದು. ಆದರೆ ನಮ್ಮ ಗಡಿಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಮಗು ಮನೆಯಲ್ಲಿ ಕನ್ನಡ, ತುಳು ಅಥವಾ ಬಡಗ ಮಾತಾಡುತ್ತದೆ. ಸರ್ಕಾರದ ಸೂಚನೆಗಳು ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲಿ ಬರುತ್ತವೆ. ಮೊಬೈಲ್ ಪರದೆಯ ಮೇಲೆ ಮೂಡುವ ಎಚ್ಚರಿಕೆ ಬಹುಪಾಲು ಇಂಗ್ಲಿಷಿನಲ್ಲಿ. ಏಳು ವರ್ಷದ ಮಗುವಿಗೆ ಅದು ಬಂದರೂ ಬಾರದಂತೆಯೇ. ಹಾಗಾಗಿ ಈ ಪಾಠ ಮನೆಮಾತಿನಲ್ಲಿ ಆಗಬೇಕು, ಅದನ್ನು ಮನೆಯವರೇ ಮಾಡಬೇಕು.

ಮೊದಲು ಕಂಪ್ಯೂಟರ್ ವಿಷಯ. ಆರು ವರ್ಷದ ಮಗುವಿಗೆ ಕೋಡಿಂಗ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರ ಜಾಹೀರಾತು ಕಂಡು ಗಾಬರಿಯಾಗಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಕೋಡಿಂಗ್ ಚಟುವಟಿಕೆಯನ್ನು ಹೇಳಿರುವುದು ಆರನೇ ತರಗತಿಯಿಂದ ಆರಂಭವಾಗುವ ಮಾಧ್ಯಮಿಕ ಹಂತಕ್ಕೆ. ಅದಕ್ಕಿಂತ ಮೊದಲು ಒಗಟು, ಆಟಗಳ ಮೂಲಕ ಕ್ರಮವಾಗಿ ಯೋಚಿಸುವುದನ್ನು ಕಲಿಸಿದರೆ ಸಾಕು. ಮಕ್ಕಳಿಗಾಗಿಯೇ ರೂಪಿಸಿದ ಲೋಗೋ ಎಂಬ ಕಂಪ್ಯೂಟರ್ ಭಾಷೆ ಅಮೆರಿಕದಲ್ಲಿ 1967ರಲ್ಲೇ ಬಂತು. ಸೆಮೋರ್ ಪ್ಯಾಪರ್ಟ್ ಮತ್ತು ಅವರ ಜೊತೆಗಾರರ ಕೆಲಸ ಅದು. ಅದರಲ್ಲಿ ಮಗು ಒಂದು ಆಮೆಗೆ 'ಮುಂದೆ ಹೋಗು, ಬಲಕ್ಕೆ ತಿರುಗು' ಎಂದು ಅಪ್ಪಣೆ ಕೊಟ್ಟು ಚಿತ್ರ ಬಿಡಿಸುತ್ತದೆ. ಇದನ್ನು ನಮ್ಮ ಅಂಗಳದಲ್ಲಿ ಕಂಪ್ಯೂಟರ್ ಇಲ್ಲದೆಯೇ ಆಡಿಸಬಹುದು. ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ತಂಗಿಯ ಕೈಲಿ ಅಪ್ಪಣೆ ಕೊಡಿಸಿ ಬಾವಿಕಟ್ಟೆಯಿಂದ ದೂರದ ಜಾಗದಲ್ಲಿ ನಡೆಸಿ. ಅವಳು 'ತಿರುಗು' ಎಂದಷ್ಟೇ ಹೇಳಿ ಎಡವೋ ಬಲವೋ ಹೇಳದಿದ್ದರೆ ಅವನು ನಿಂತಲ್ಲೇ ನಿಲ್ಲಬೇಕು. ಯಂತ್ರ ಹೇಳಿದಷ್ಟನ್ನೇ ಮಾಡುತ್ತದೆ, ತಾನಾಗಿ ಊಹಿಸದು, ತಪ್ಪು ಎಲ್ಲಿ ಆಯಿತೆಂದು ಹಿಂದೆ ಹೋಗಿ ಹುಡುಕಬೇಕು ಎಂಬುದೆಲ್ಲ ಅರ್ಧ ಗಂಟೆಯಲ್ಲಿ ಮಗುವಿಗೆ ಗೊತ್ತಾಗುತ್ತದೆ.

ಮೂರು, ನಾಲ್ಕನೇ ತರಗತಿಯವರಿಗೆ ಐದು ರಟ್ಟಿನ ಚೀಟಿಗಳ ಆಟ ಚೆನ್ನಾಗಿರುತ್ತದೆ. ಚೀಟಿಗಳ ಮೇಲೆ ಕ್ರಮವಾಗಿ 16, 8, 4, 2, 1 ಚುಕ್ಕೆ ಇಡಿ. ಬೇಕಾದ ಚೀಟಿ ತೆರೆದು ಉಳಿದವನ್ನು ಮಗುಚಿಟ್ಟರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. 11 ಬೇಕಾದರೆ 8, 2, 1 ತೆರೆದಿರಬೇಕು. ಕಂಪ್ಯೂಟರ್ ಎಣಿಸುವುದೂ ಹೀಗೆಯೇ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಹೀಗೆ ಯಂತ್ರವಿಲ್ಲದೆ ಕಲಿಸುವ ಆಟಗಳನ್ನು 1990ರ ದಶಕದಿಂದಲೇ ಪ್ರಚಾರಕ್ಕೆ ತಂದಿದ್ದಾರೆ.

ಶಾಲೆಗಳ ಮಟ್ಟಿಗೆ ಕೇರಳ ಈ ಕೆಲಸವನ್ನು ಬೇಗ ಹಿಡಿಯಿತು. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ 2001ರಷ್ಟು ಹಳೆಯದು, 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಒಂದರಿಂದ ನಾಲ್ಕನೇ ತರಗತಿಯ ಪುಸ್ತಕದ ಹೆಸರು 'ಕಳಿಪ್ಪೆಟ್ಟಿ', ಅಂದರೆ ಆಟದ ಪೆಟ್ಟಿಗೆ. ಹೆಸರಿಟ್ಟವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು. ಅತ್ತ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಪಠ್ಯಪುಸ್ತಕಕ್ಕೆ ಕ್ಯುಆರ್ ಕೋಡ್ ಸೇರಿಸಿ ಹೆಸರಾದರು, 2020ರಲ್ಲಿ ಅವರಿಗೆ ಗ್ಲೋಬಲ್ ಟೀಚರ್ ಪ್ರಶಸ್ತಿ ಬಂತು. ಇಲ್ಲೊಂದು ಮಾತು ಸೇರಿಸಬೇಕು. ಪುಸ್ತಕದ ಕೋಡ್ ಪಾಠ ತೆರೆಯುತ್ತದೆ, ಅಂಗಡಿಯ ಕೋಡ್ ಹಣ ಕಳಿಸುತ್ತದೆ, ಎರಡೂ ನೋಡಲು ಒಂದೇ ಬಗೆ. ಪುಸ್ತಕದ್ದನ್ನು ಬಿಟ್ಟು ಬೇರೆ ಯಾವುದನ್ನೂ ದೊಡ್ಡವರು ಪಕ್ಕದಲ್ಲಿಲ್ಲದೆ ಸ್ಕ್ಯಾನ್ ಮಾಡಬಾರದೆಂದು ಮಗುವಿಗೆ ತಿಳಿಸಿ.

ಇನ್ನು ಮೊಬೈಲ್. ಚಿಕ್ಕ ಮಕ್ಕಳ ಕೈಗೆ ಸಿಗುವುದು ಅಪ್ಪನ ಅಥವಾ ಅಜ್ಜನ ಫೋನು. ಅದರಲ್ಲೇ ಬ್ಯಾಂಕೂ ಇರುತ್ತದೆ. ಆದ್ದರಿಂದ ಹಣದ ಆ್ಯಪ್‌ಗಳಿಗೆ ಬೇರೆ ಬೀಗ ಹಾಕಿ, ಪ್ಲೇಸ್ಟೋರಿನಲ್ಲಿ ಖರೀದಿಗೆ ಪ್ರತಿಸಲವೂ ಪಾಸ್‌ವರ್ಡ್ ಕೇಳುವಂತೆ ಇಡಿ, ಫೋನಿನ ಭಾಷೆಯನ್ನು ಸೆಟ್ಟಿಂಗ್ಸಿನಲ್ಲಿ ಕನ್ನಡಕ್ಕೆ ಬದಲಿಸಿ. ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಯೊಳಗೆ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ವಾಟ್ಸಾಪ್ ಖಾತೆಗೆ 13 ವರ್ಷ ಆಗಿರಬೇಕು. ವಯಸ್ಸು ಸುಳ್ಳು ಹಾಕಿ ಖಾತೆ ತೆರೆದುಕೊಡುವವರು ಮಕ್ಕಳಲ್ಲ, ಮನೆಯ ದೊಡ್ಡವರೇ ಎಂಬುದೂ ನಮಗೆ ಗೊತ್ತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸುವ ಕಚೇರಿಗಳಲ್ಲಿ ಕೆಲಸ ಮಾಡಿ ಬಂದ ನಾವು ಮಕ್ಕಳಿಗೆ ಉಪದೇಶ ಮಾಡುವ ಮುಂಚೆ ಒಂದಿಷ್ಟು ನಮ್ಮ ಅಭ್ಯಾಸವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಮಗುವಿಗೆ ಹೇಳುವ ಮಾತು ಚಿಕ್ಕದಾಗಿರಲಿ. ಹೆಸರು, ಊರು, ಶಾಲೆ, ಫೋನಿಗೆ ಬಂದ ಒಟಿಪಿ ಯಾರಿಗೂ ಹೇಳಬಾರದು. ಆಟದ ಒಳಗಿನಿಂದ ಮಾತಾಡಿಸುವವನು ತಾನೂ ಹುಡುಗನೇ ಎಂದರೂ ಅವನು ಯಾರೋ ಗೊತ್ತಿಲ್ಲ. ಫೋಟೋ ಕಳಿಸು ಎಂದು ಯಾರೇ ಕೇಳಲಿ, ಗುರುತಿನವರೇ ಕೇಳಲಿ, ಅಮ್ಮನಿಗೆ ಹೇಳದೆ ಕಳಿಸಬಾರದು. 'ಇದನ್ನು ಮನೆಯಲ್ಲಿ ಹೇಳಬೇಡ' ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು.

ಈ ಕೊನೆಯದರಲ್ಲೇ ಎಲ್ಲ ಇದೆ, ಮತ್ತು ಇದು ಕೆಡುವುದು ನಮ್ಮಿಂದ. ಮಗು ಬಂದು 'ಏನೋ ಕೆಟ್ಟದ್ದು ಬಂತು' ಎಂದ ಕೂಡಲೇ 'ನಿನಗೆ ಯಾರು ಒತ್ತಲು ಹೇಳಿದ್ದು' ಎಂದು ಗದರಿ ಫೋನು ಕಿತ್ತುಕೊಂಡರೆ, ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ಹೆದರಿಸುವವರು ನಂಬಿಕೊಂಡಿರುವುದೂ ಆ ಮೌನವನ್ನೇ. ಹೇಳಿದ ದಿನ ಬೈಗುಳವಿಲ್ಲ, ಫೋನಿಗೆ ನಿಷೇಧವೂ ಇಲ್ಲ ಎಂದು ಮೊದಲೇ ಮಾತು ಕೊಟ್ಟಿರಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಅಮ್ಮನಿಗೆ ಹೇಳಲು ಅಂಜುವ ಮಗು ಅಜ್ಜಿಗೋ ಟೀಚರಿಗೋ ಹೇಳಬಹುದು. ಆ ಇನ್ನೊಬ್ಬರು ಯಾರೆಂದು ಮಗುವೇ ಆರಿಸಲಿ.

ತೊಂದರೆ ಆದರೆ ಮಕ್ಕಳ ಸಹಾಯವಾಣಿ 1098, ಹಣ ಹೋದರೆ 1930, ತುರ್ತಿಗೆ 112. ಫೋನು ಎತ್ತಿದವರು ಆಯಾ ರಾಜ್ಯದ ಭಾಷೆಯಲ್ಲಿ ಮಾತಾಡಬಹುದು. ಆದ್ದರಿಂದ ಮಂಜೇಶ್ವರದ ಮಗುವಿಗೆ ಮಲಯಾಳದಲ್ಲಿ, ತಾಳವಾಡಿಯ ಮಗುವಿಗೆ ತಮಿಳಿನಲ್ಲಿ, ಅಕ್ಕಲಕೋಟೆ, ಜತ್ತದ ಮಗುವಿಗೆ ಮರಾಠಿಯಲ್ಲಿ, ಆದೋನಿಯ ಮಗುವಿಗೆ ತೆಲುಗಿನಲ್ಲಿ ತನ್ನ ಹೆಸರು, ಊರು, 'ನನಗೆ ಸಹಾಯ ಬೇಕು' ಎಂಬಷ್ಟು ಬಾಯಿಪಾಠ ಇರಲಿ. ಬಂದ ಸಂದೇಶವನ್ನು ಅಳಿಸಬೇಡಿ, ನಂಬರು ಮತ್ತು ತಾರೀಕು ಬರೆದಿಡಿ. ಮಗುವಿನ ಅಶ್ಲೀಲ ಚಿತ್ರ ಇದ್ದರೆ ಸಾಕ್ಷಿಗೆಂದು ಕೂಡ ಯಾವ ಗುಂಪಿಗೂ, ನೆಂಟರಿಗೂ ಕಳಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಹಾಗೆ ರವಾನಿಸುವುದೇ ಅಪರಾಧ. ಫೋನನ್ನು ಹಾಗೆಯೇ ಪೊಲೀಸ್ ಠಾಣೆಗೆ ಒಯ್ದು ತೋರಿಸಿ, ದೂರಿನ ಸ್ವೀಕೃತಿ ಕೇಳಿ ಪಡೆಯಿರಿ.