ಲೆಕ್ಕದ ಆಟಗಳಿಗೂ ಒಂದು ಇತಿಹಾಸವಿದೆ



ಗಣಿತ ಎಂದೊಡನೆ ಅನೇಕ ಮಕ್ಕಳ ಮುಖ ಬಾಡುತ್ತದೆ. ‘ಕಬ್ಬಿಣದ ಕಡಲೆ’ ಎಂಬ ಮಾತು ಈ ವಿಷಯಕ್ಕೆ ಅಂಟಿಕೊಂಡು ಎಷ್ಟೋ ಕಾಲವಾಯಿತು. ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಅರ್ಥವಾಗದ ಮಗು ಏಳನೇ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತದೆ, ಹತ್ತನೇ ತರಗತಿಯ ಹೊತ್ತಿಗೆ ಶಾಲೆಯನ್ನೇ ಬಿಡುವ ಯೋಚನೆ ಮಾಡುತ್ತದೆ. ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಹೀಗಾಗಿದೆ ಎಂಬುದನ್ನು ಹೊರಗಿನವರು ಬಂದು ನಮಗೆ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದು ಎಲ್ಲಿದೆ? ‘ಆಟದ ಮೂಲಕ ಪಾಠ’ ಎಂದು ತರಬೇತಿ ಶಿಬಿರಗಳಲ್ಲಿ ಹೇಳುತ್ತಾರೆ. ಅದನ್ನು ಹೊಸದಾಗಿ ಬಂದ ವಿಚಾರವೆಂದು ನಾವು ತಿಳಿದಿದ್ದೇವೆ. ಆದರೆ ಸಾವಿರ ವರ್ಷಗಳ ಹಿಂದೆಯೇ ಬಗ್ದಾದಿನಲ್ಲಿ, ದಮಾಸ್ಕಸ್‌ನಲ್ಲಿ, ಈಜಿಪ್ಟಿನಲ್ಲಿ, ನಮ್ಮ ಕರ್ನಾಟಕದಲ್ಲಿಯೂ ಲೆಕ್ಕವನ್ನು ಒಗಟಾಗಿ, ಆಟವಾಗಿ, ಕಥೆಯಾಗಿ ಹೇಳಿದವರಿದ್ದರು. ಅವರಲ್ಲಿ ಕೆಲವರನ್ನು ಇಲ್ಲಿ ಪರಿಚಯಿಸುತ್ತೇನೆ. ಓದಿ ಬದಿಗಿಡಬೇಡಿ. ಒಂದೊಂದನ್ನೂ ತರಗತಿಯಲ್ಲಿ ಆಡಿ ನೋಡಿ.

ಧೂಳಿನ ಹಲಗೆ

ಕ್ರಿ.ಶ. 9ನೇ ಶತಮಾನದಲ್ಲಿ ಖಲೀಫಾ ಮಅಮೂನರ ಕಾಲದ ಬಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಎಂಬ ವಿದ್ವಾಂಸರಿದ್ದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅವರು ಗ್ರಂಥವಾಗಿ ಬರೆದರು. ಸೊನ್ನೆ ಮತ್ತು ಸ್ಥಾನಬೆಲೆಯ ಈ ಪದ್ಧತಿ ಅರಬ್ ಜಗತ್ತಿನಿಂದ ಯುರೋಪಿಗೆ ತಲುಪಿತು. ಕಂಪ್ಯೂಟರಿನವರು ದಿನವೂ ಹೇಳುವ ‘ಅಲ್ಗಾರಿದಮ್’ ಎಂಬ ಪದ ಹುಟ್ಟಿದ್ದು ಇವರ ಹೆಸರಿನಿಂದಲೇ.

ಆಗ ಲೆಕ್ಕ ಮಾಡುತ್ತಿದ್ದುದು ‘ತಖ್ತ್’ ಎಂಬ ಹಲಗೆಯ ಮೇಲೆ. ಹಲಗೆಗೆ ಧೂಳು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಿ ಬರೆದು, ಅಳಿಸಿ, ಮತ್ತೆ ಬರೆಯುವುದು. ನಮ್ಮ ಅಜ್ಜಂದಿರು ಮರಳಿನ ಮೇಲೆ ಅಕ್ಷರ ತಿದ್ದಿದ್ದನ್ನು ಇಲ್ಲಿ ನೆನೆಯಬಹುದು. ಕ್ರಿ.ಶ. 952ರ ಸುಮಾರಿಗೆ ದಮಾಸ್ಕಸ್‌ನಲ್ಲಿ ಅಲ್-ಉಕ್ಲೀದಿಸಿ ಎಂಬವರು ಲೆಕ್ಕದ ಗ್ರಂಥವೊಂದನ್ನು ಬರೆದು, ಧೂಳಿನ ಹಲಗೆಯನ್ನು ಬಿಟ್ಟು ಕಾಗದ ಮತ್ತು ಶಾಯಿಗೆ ಬರಬೇಕೆಂದು ವಾದಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ. ಬೀದಿಯಲ್ಲಿ ಕುಳಿತು ಭವಿಷ್ಯ ಹೇಳುವವರ ಕೈಯಲ್ಲಿಯೂ ಅದೇ ಹಲಗೆ ಇರುತ್ತದೆ, ಆದ್ದರಿಂದ ಮರ್ಯಾದಸ್ಥರು ಅದನ್ನು ಹಿಡಿಯಲು ನಾಚುತ್ತಾರೆ ಎಂಬುದು ಅವರ ದೂರು. ಇನ್ನೊಂದು ಕಾರಣ ಬೋಧನೆಗೆ ಸಂಬಂಧಿಸಿದ್ದು. ಹಲಗೆಯಲ್ಲಿ ನಡುವಿನ ಹಂತಗಳು ಅಳಿಸಿಹೋಗುತ್ತವೆ, ಕಾಗದದಲ್ಲಿ ಉಳಿಯುತ್ತವೆ, ತಪ್ಪು ಎಲ್ಲಾಯಿತೆಂದು ಹಿಂದಿರುಗಿ ನೋಡಬಹುದು.

ಅಧ್ಯಾಪಕರೇ, ಎರಡೂ ನಮಗೆ ಬೇಕು. ಒಂದನೇ, ಎರಡನೇ ತರಗತಿಯ ಮಗುವಿಗೆ ಒಂದು ತಟ್ಟೆ ಮರಳು ಕೊಡಿ. ತಪ್ಪಾದರೆ ಕೈಯಾಡಿಸಿದರೆ ಸಾಕು, ಕೆಂಪು ಗೆರೆಯ ಭಯವಿಲ್ಲ. ನಾಲ್ಕನೇ ತರಗತಿಯ ಮಗುವಿಗೆ ಕಾಗದ ಕೊಟ್ಟು, ತಪ್ಪು ಲೆಕ್ಕವನ್ನು ಅಳಿಸದೆ ಅದರಲ್ಲಿ ಎಡವಿದ ಹಂತವನ್ನು ಗುರುತಿಸುವ ಆಟ ಆಡಿಸಿ.

786 ಎಂಬ ಕೂಡುವ ಲೆಕ್ಕ

ನಿಮ್ಮ ತರಗತಿಯಲ್ಲಿ 786 ಎಂದು ಬರೆದು ಇದೇನೆಂದು ಕೇಳಿ. ಅಂಗಡಿಯ ಫಲಕ, ಲಾರಿಯ ಹಣೆ, ಮದುವೆಯ ಕಾಗದ ಎಲ್ಲೆಡೆ ನೋಡಿರುವ ಮಕ್ಕಳು ‘ಬಿಸ್ಮಿಲ್ಲಾಹ್’ ಎನ್ನುತ್ತಾರೆ. ಹೇಗೆ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದನ್ನು ಬರೆಯುವ ರೂಢಿ ಸರಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಈ ಲೇಖನದ ವಿಷಯವಲ್ಲ. ಆದರೆ ಅದು ಒಂದು ಕೂಡುವ ಲೆಕ್ಕ ಎಂಬುದು ಮಕ್ಕಳಿಗೆ ತಿಳಿದಿರಬೇಕು.

ಅರಬಿಯ 28 ಅಕ್ಷರಗಳಿಗೆ ‘ಅಬ್ಜದ್’ ಕ್ರಮದಲ್ಲಿ ಬೆಲೆಗಳಿವೆ. ಅಲಿಫ್ 1, ಬಾ 2, ಜೀಮ್ 3, ದಾಲ್ 4 ಎಂದು ಮೊದಲ ಒಂಬತ್ತು ಅಕ್ಷರಗಳು ಬಿಡಿ, ನಂತರದ ಒಂಬತ್ತು ಹತ್ತರಿಂದ ತೊಂಬತ್ತರವರೆಗೆ, ಅದರ ನಂತರದ ಒಂಬತ್ತು ನೂರರಿಂದ ಒಂಬೈನೂರರವರೆಗೆ, ಕೊನೆಯ ಗೈನ್ ಒಂದು ಸಾವಿರ. ಬಿಡಿ, ಹತ್ತು, ನೂರು, ಸಾವಿರ! ಸ್ಥಾನಬೆಲೆಯ ಪಾಠವೇ ಇಲ್ಲಿದೆ. ಈಗ ಕೂಡಿ ನೋಡಿ. ‘ಬಿಸ್ಮಿ’ಯ ಬಾ, ಸೀನ್, ಮೀಮ್ ಎಂದರೆ 2, 60, 40, ಮೊತ್ತ 102. ‘ಅಲ್ಲಾಹ್’ 66. ‘ಅರ್ರಹ್ಮಾನ್’ 329. ‘ಅರ್ರಹೀಮ್’ 289. ಒಟ್ಟು 786.

ಈ ಲೆಕ್ಕದ ಆಟ ನಮ್ಮ ನಾಡಿನ ಆಡಳಿತದಲ್ಲಿಯೇ ನಡೆದಿತ್ತು. ಟಿಪ್ಪು ಸುಲ್ತಾನರು ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನು ಉಳಿಸಿಕೊಂಡು, ವರ್ಷಗಳಿಗೆ ಹೊಸ ಹೆಸರಿಟ್ಟರು. ಹೆಸರಿನ ಅಕ್ಷರಗಳನ್ನು ಕೂಡಿದರೆ ಆ ಸಂವತ್ಸರದ ಕ್ರಮಸಂಖ್ಯೆ ಬರುವಂತೆ ಹೆಸರುಗಳನ್ನು ಆರಿಸಲಾಗಿತ್ತು. 1784ರಲ್ಲಿ ಆರಂಭವಾದ ಕ್ರೋಧಿ ಸಂವತ್ಸರ 38ನೆಯದು. ಅದಕ್ಕೆ ಅವರ ಹೆಸರು ‘ಅಝಲ್’. ಅಲಿಫ್ 1, ಝಾಯ್ 7, ಲಾಮ್ 30, ಮೊತ್ತ 38. ಮುಂದೆ 1787ರಲ್ಲಿ ಅವರು ಅಕ್ಷರಗಳ ಬೆಲೆಯ ಕ್ರಮವನ್ನು ಬದಲಾಯಿಸಿ, ನಾವು ಮದ್ರಸದಲ್ಲಿ ಕಲಿಯುವ ಅಲಿಫ್, ಬಾ, ತಾ, ಸಾ ಎಂಬ ಕ್ರಮಕ್ಕೆ ಹೊಂದಿಸಿದರು.

ಆಟ ಹೀಗಿರಲಿ. ಒಂದೊಂದು ಅಕ್ಷರ ಮತ್ತು ಅದರ ಬೆಲೆ ಬರೆದ ರಟ್ಟಿನ ಚೀಟಿಗಳನ್ನು ಮಾಡಿ. ಪ್ರತಿ ಮಗುವೂ ತನ್ನ ಹೆಸರಿನ ಮೊತ್ತ ಕಂಡುಹಿಡಿಯಲಿ. ಯಾರ ಹೆಸರು ದೊಡ್ಡದು, ಯಾವ ಇಬ್ಬರ ಹೆಸರಿನ ವ್ಯತ್ಯಾಸ ಹತ್ತು ಎಂದು ಹುಡುಕಲಿ. ಮದ್ರಸದ ಉಸ್ತಾದರೂ ಶಾಲೆಯ ಗಣಿತ ಟೀಚರೂ ಕೂಡಿ ನಡೆಸಬಹುದಾದ ಪಾಠವಿದು. ಅರಬಿ ತಿಳಿಯದ ಮಕ್ಕಳಿರುವ ತರಗತಿಯಲ್ಲಿ ಕನ್ನಡ ಅಕ್ಷರಗಳಿಗೆ ನೀವೇ ಬೆಲೆ ಕೊಡಿ. ನಮ್ಮ ದೇಶದ ಕಟಪಯಾದಿ ಪದ್ಧತಿಯೂ ಅಕ್ಷರಕ್ಕೆ ಅಂಕಿ ಕೊಡುವುದೇ ಅಲ್ಲವೇ?

ತಾಯಿತದಲ್ಲಿ ಸಿಕ್ಕಿಬಿದ್ದ ಚೌಕ

ಒಂಬತ್ತು ಮನೆಗಳ ಚೌಕವೊಂದನ್ನು ನೀವು ನೋಡಿರಬಹುದು. ಮೇಲಿನ ಸಾಲಿನಲ್ಲಿ 4, 9, 2. ನಡುವೆ 3, 5, 7. ಕೆಳಗೆ 8, 1, 6. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15. ಅರಬಿಯಲ್ಲಿ ಇದಕ್ಕೆ ‘ವಫ್ಕ್’ ಎನ್ನುತ್ತಾರೆ. ಜಾಬಿರ್ ಇಬ್ನ್ ಹಯ್ಯಾನರ ಹೆಸರಿನಲ್ಲಿ ಬಂದಿರುವ ಬರಹಗಳಲ್ಲಿ ಇದನ್ನು ಸುಖ ಹೆರಿಗೆಗೆ ಉಪಯೋಗಿಸುವ ಪ್ರಸ್ತಾಪವಿದೆ. ಮೂಲೆಗಳ 2, 4, 6, 8 ಅಂಕಿಗಳನ್ನು ಅಕ್ಷರವಾಗಿಸಿ ‘ಬುದೂಹ್’ ಎಂಬ ಪದ ಮಾಡಿ, ಅದನ್ನೇ ಮಂತ್ರದಂತೆ ಬರೆದವರೂ ಇದ್ದರು.

ಆದರೆ ಇದೇ ಚೌಕವನ್ನು ಗಣಿತವಾಗಿ ನೋಡಿದವರೂ ಇದ್ದರು. 10ನೇ ಶತಮಾನದ ಬಸ್ರಾದ ‘ಇಖ್ವಾನುಸ್ಸಫಾ’ ಎಂಬ ವಿದ್ವಾಂಸರ ಕೂಟ ತಮ್ಮ ಬರಹಗಳಲ್ಲಿ ಮೂರು ಮನೆಯಿಂದ ಒಂಬತ್ತು ಮನೆಯವರೆಗಿನ ಚೌಕಗಳನ್ನು ಕೊಟ್ಟಿದೆ. ಬಗ್ದಾದಿನ ಖಗೋಳಶಾಸ್ತ್ರಜ್ಞ ಅಬುಲ್ ವಫಾ ಅಲ್-ಬೂಝ್ಜಾನಿ (940–998) ಇವುಗಳನ್ನು ರಚಿಸುವ ವಿಧಾನದ ಬಗ್ಗೆಯೇ ಬರೆದರು. ನಮ್ಮ ಖಜುರಾಹೋದ ಪಾರ್ಶ್ವನಾಥ ಬಸದಿಯಲ್ಲಿ ಮೊತ್ತ 34 ಬರುವ ಹದಿನಾರು ಮನೆಗಳ ಚೌಕ ಕೆತ್ತಲಾಗಿದೆ.

ಸಹೋದರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಅಬುಲ್ ವಫಾ ಬಿಡಿಸಿದ ಚೌಕವನ್ನು ನಾವು ಮಡಚಿ ತಾಯಿತದೊಳಗಿಟ್ಟು ಮಗುವಿನ ಕೊರಳಿಗೆ ಕಟ್ಟಿದೆವು. ಬಿಚ್ಚಿ ಮಗುವಿನ ಕೈಗೆ ಕೊಟ್ಟಿದ್ದರೆ ಅದು ಕೂಡುವುದನ್ನು ಕಲಿಯುತ್ತಿತ್ತು! ಪರೀಕ್ಷೆಯ ಭಯಕ್ಕೆ ಕೊರಳಲ್ಲಿ ಕಟ್ಟಿದ ಅಂಕಿ ಸಹಾಯ ಮಾಡುವುದಿಲ್ಲ, ತಲೆಯಲ್ಲಿರುವ ಅಂಕಿ ಮಾಡುತ್ತದೆ.

ಇದರ ಆಟ ಸುಲಭ. 1ರಿಂದ 9ರವರೆಗಿನ ಒಂಬತ್ತು ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಇಬ್ಬರು ಮಕ್ಕಳು ಸರದಿಯಂತೆ ಒಂದೊಂದು ಚೀಟಿ ತೆಗೆದುಕೊಳ್ಳಲಿ. ಯಾರ ಕೈಯಲ್ಲಿರುವ ಮೂರು ಚೀಟಿಗಳ ಮೊತ್ತ ಮೊದಲು 15 ಆಗುತ್ತದೆಯೋ ಅವರು ಗೆದ್ದಂತೆ. ಹತ್ತು ಬಾರಿ ಆಡಿದ ಮೇಲೆ ಚೌಕವನ್ನು ತೋರಿಸಿ. ಮೂರು ಚೀಟಿಗಳಿಂದ 15 ಮಾಡುವ ಎಂಟೂ ದಾರಿಗಳು ಅದರ ಎಂಟು ಸಾಲುಗಳೇ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಚದುರಂಗದ ಕಾಳು

ಭಾರತದ ಚತುರಂಗ ಇರಾನಿನ ಮೂಲಕ ಅರಬರಿಗೆ ತಲುಪಿ ‘ಶತ್ರಂಜ್’ ಆಯಿತು. ಅದರೊಂದಿಗೆ ಒಂದು ಕಥೆಯೂ ಹೋಯಿತು. 13ನೇ ಶತಮಾನದ ಇಬ್ನ್ ಖಲ್ಲಿಕಾನ್ ಆ ಕಥೆಯನ್ನು ಬರೆದಿದ್ದಾರೆ. ಆಟವನ್ನು ಕಂಡುಹಿಡಿದ ಸಿಸ್ಸಾ ಎಂಬವನಿಗೆ ರಾಜ ಬಹುಮಾನ ಕೊಡಲು ಬಂದಾಗ, ಅವನು ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗಳಿಗೂ ದುಪ್ಪಟ್ಟು ಮಾಡುತ್ತಾ ಕೊಡಿರೆಂದು ಕೇಳಿದನಂತೆ. ರಾಜನಿಗೆ ಅದು ಅಲ್ಪವೆನಿಸಿತು. ಲೆಕ್ಕ ಹಾಕಿದಾಗ 1,84,46,74,40,73,70,95,51,615 ಕಾಳು! ರಾಜ್ಯದ ಕಣಜಗಳೆಲ್ಲ ಸಾಲಲಿಲ್ಲ.

ಇದನ್ನು ಲೆಕ್ಕ ಹಾಕಲು ಅಲ್-ಬೀರೂನಿ ಕ್ರಿ.ಶ. 1000ದ ಸುಮಾರಿಗೆ ಎರಡು ಸುಲಭ ಸೂತ್ರ ಹೇಳಿದ್ದಾರೆ. ಒಂದು, ಯಾವುದೇ ಮನೆಯ ಕಾಳಿನಿಂದ ಒಂದನ್ನು ಕಳೆದರೆ ಅದರ ಹಿಂದಿನ ಎಲ್ಲ ಮನೆಗಳ ಮೊತ್ತ ಸಿಗುತ್ತದೆ. ಆರನೇ ಮನೆಯಲ್ಲಿ 32. ಹಿಂದಿನ ಐದರ ಮೊತ್ತ 31. ಎರಡು, ಒಂದು ಮನೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ, ಮೊದಲ ಮನೆಯಿಂದ ಅದು ಎಷ್ಟು ದೂರವಿದೆಯೋ ಅಷ್ಟೇ ದೂರ ಮುಂದಿರುವ ಮನೆಯ ಸಂಖ್ಯೆ ಬರುತ್ತದೆ. ಐದನೆಯದರಲ್ಲಿ 16, ಹದಿನಾರು ಹದಿನಾರಲೆ 256, ಅದು ಒಂಬತ್ತನೇ ಮನೆ. ನೆಲದ ಮೇಲೆ ಸೀಮೆಸುಣ್ಣದಿಂದ ಎಂಟು ಮನೆ ಬರೆದು, ಹುಣಸೆ ಬೀಜ ಇಡಿಸಿ. ಎಂಟು ಮನೆಗೆ 255 ಬೀಜ ಸಾಕು. ಒಂಬತ್ತನೆಯದಕ್ಕೆ ಎಷ್ಟು ಬೇಕೆಂದು ಮಕ್ಕಳೇ ಹೇಳಲಿ.

ನೂರು ಹಕ್ಕಿ, ನೂರು ದಿರ್ಹಮ್

ಈಜಿಪ್ಟಿನ ಅಬೂ ಕಾಮಿಲ್ 9ನೇ ಶತಮಾನದ ಕೊನೆಯ ಭಾಗದ ಗಣಿತಜ್ಞರು. ಹಕ್ಕಿ ಕೊಳ್ಳುವ ಲೆಕ್ಕಗಳಿಗೆಂದೇ ಅವರದೊಂದು ಪುಸ್ತಕವಿದೆ. ಬಾತುಕೋಳಿ ಒಂದಕ್ಕೆ 5 ದಿರ್ಹಮ್, ಕೋಳಿ ಒಂದಕ್ಕೆ 1, ಗುಬ್ಬಿ 20ಕ್ಕೆ 1. ನೂರು ದಿರ್ಹಮಿಗೆ ನೂರು ಹಕ್ಕಿ ತರಬೇಕು. ಗುಬ್ಬಿಗಳನ್ನು 20, 40, 60, 80 ಎಂದು ಒಂದೊಂದಾಗಿ ಪರೀಕ್ಷಿಸಿದರೆ 80 ಗುಬ್ಬಿ, 19 ಬಾತು, 1 ಕೋಳಿ ಎಂಬ ಒಂದೇ ಉತ್ತರ ಸಿಗುತ್ತದೆ. ಇಂಥ ಲೆಕ್ಕಗಳಲ್ಲಿ ಒಂದಕ್ಕೆ 2676 ಉತ್ತರಗಳಿವೆ ಎಂದು ಅವರು ಎಣಿಸಿದ್ದರು. ಅವರಿಗಿಂತ ಸ್ವಲ್ಪ ಮೊದಲು ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಪಾರಿವಾಳ, ಹಂಸ, ನವಿಲುಗಳ ಇಂತಹದೇ ಲೆಕ್ಕ ಕೇಳಿದ್ದರು. ಜ್ಞಾನಕ್ಕೆ ಗಡಿ ಇರಲಿಲ್ಲ. 1587ರಲ್ಲಿ ಅಕ್ಬರನ ಆಸ್ಥಾನದ ಫೈಝಿ ಭಾಸ್ಕರಾಚಾರ್ಯರ ‘ಲೀಲಾವತಿ’ಯನ್ನು ಪಾರ್ಸಿ ಭಾಷೆಗೆ ತಂದದ್ದೂ ಇದೇ ಪರಂಪರೆಯಲ್ಲಿ.

ತರಗತಿಯಲ್ಲಿ ಒಂದು ಸಂತೆ ನಡೆಸಿ. ಕಾಗದದ ನೋಟು, ಕಾಗದದ ಹಕ್ಕಿ. ಸಂತೆ ಮುಗಿದ ಮೇಲೆ ಲಾಭ ನಷ್ಟ ಬರೆಯಲಿ. ದೊಡ್ಡ ಮಕ್ಕಳು ಉಳಿತಾಯದ ನಲವತ್ತರಲ್ಲಿ ಒಂದು ಪಾಲು ಝಕಾತ್ ಎಂದು ತೆಗೆದಿಡಲಿ. ಶೇಕಡಾ ಎರಡೂವರೆ ಎಂದರೇನು ಎಂಬುದು ಮತ್ತೆ ಮರೆಯುವುದಿಲ್ಲ. ಅಲ್-ಖ್ವಾರಿಝ್ಮಿಯ ಬೀಜಗಣಿತದ ಬಹುಭಾಗ ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲಾಗಿದೆ ಎಂಬುದನ್ನೂ ನೆನಪಿಡಿ.

ಅಜ್ಜಿಯ ಚೆನ್ನೆಮಣೆ

ಕೊನೆಗೆ ನಮ್ಮ ಮನೆಗೇ ಬರೋಣ. ಕರಾವಳಿಯ ಚೆನ್ನೆಮಣೆ, ಘಟ್ಟದ ಮೇಲಿನ ಅಳಗುಳಿಮಣೆ ನಿಮ್ಮಲ್ಲಿ ಕೆಲವರ ಅಟ್ಟದಲ್ಲಿ ಧೂಳು ತಿನ್ನುತ್ತಿರಬಹುದು. ಅರಬ್ ನಾಡುಗಳಲ್ಲಿ ಇದೇ ಜಾತಿಯ ಆಟಕ್ಕೆ ‘ಮನ್ಕಲ’ ಎಂದು ಹೆಸರು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬ ಅರ್ಥದ ‘ನಕಲ’ ಎಂಬ ಕ್ರಿಯಾಪದದಿಂದ ಅದು ಬಂದಿದೆ. ನಮ್ಮ ಮಣೆಯಲ್ಲಿ ಏಳೇಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ. ಎಣಿಕೆ, ನಾಲ್ಕರ ಮಗ್ಗಿ, ಸಮಪಾಲು, ಮುಂದಿನ ನಡೆಯ ಊಹೆ ಎಲ್ಲವೂ ಇದರಲ್ಲಿವೆ. ಅಕ್ಷರ ಬಾರದ ಅಜ್ಜಿ ಇದರಲ್ಲಿ ಕಾಲೇಜು ಓದಿದ ಮೊಮ್ಮಗನನ್ನು ಸೋಲಿಸುತ್ತಾಳೆ. ಅವಳಿಗೆ ಗಣಿತ ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಒಂದು ಎಚ್ಚರಿಕೆಯ ಮಾತು. ಆಟಕ್ಕೆ ಪಣ ಬೇಡ, ಅದು ಜೂಜಾಗುತ್ತದೆ. ಸೋತ ಮಗುವನ್ನು ಗೇಲಿ ಮಾಡುವುದೂ ಬೇಡ. ಆಟದ ಕೊನೆಯಲ್ಲಿ ‘ನೀನು ಹೇಗೆ ಯೋಚಿಸಿದೆ?’ ಎಂದು ಕೇಳಲು ಐದು ನಿಮಿಷ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಆಟ ಬರೇ ಆಟವಾಗಿಯೇ ಉಳಿದೀತು.

ಬಗ್ದಾದಿನ ಹೆಸರು ಹೇಳಿ ಹೆಮ್ಮೆಪಡುವುದು ನಮಗೆ ಅಭ್ಯಾಸವಾಗಿದೆ. ಆ ಹೆಮ್ಮೆಯಿಂದ ಒಂದು ಮಗುವಿಗೂ ಭಾಗಾಕಾರ ಬರುವುದಿಲ್ಲ. ಸದಸ್ಯರೇ, ಈ ವರ್ಷ ನಿಮ್ಮ ಊರಿನ ಶಾಲೆಗೋ ಮದ್ರಸಕ್ಕೋ ಒಂದು ಚೆನ್ನೆಮಣೆ, ಒಂದು ಕಟ್ಟು ಚೀಟಿ, ಒಂದು ಡಬ್ಬ ಹುಣಸೆ ಬೀಜ ಕೊಡಿ. ವಿದ್ಯಾರ್ಥಿಗಳೇ, ನೀವು ವಾರಕ್ಕೆ ಒಂದು ಗಂಟೆ ನಿಮಗಿಂತ ಚಿಕ್ಕ ಮಗುವಿನ ಜೊತೆ ಕುಳಿತು ಆಡಿ. ಹಿಂದಿನ ಬೆಂಚಿಗೆ ಸರಿಯುತ್ತಿರುವ ಆ ಮಗು ಮುಂದೆ ಬಂದು ಕೂರಲು ಅಷ್ಟು ಸಾಕಾಗಬಹುದು, ಇನ್ಶಾ ಅಲ್ಲಾಹ್.