‘ಪಂಚ್’ ಪಾನೀಯದ ನಾಮವಿಚಾರ

ಮದ್ಯಕ್ಕೆ ಹಣ್ಣಿನ ರಸವನ್ನು ಬೆರೆಸಿ ಸಿದ್ಧಪಡಿಸುವ ‘ಪಂಚ್’ ಎಂಬ ಪಾನೀಯದ ಹೆಸರು ಭಾರತೀಯ ಭಾಷೆಗಳ ‘ಪಂಚ’ ಶಬ್ದದಿಂದ ಹುಟ್ಟಿತೆಂಬ ಮತವು ಬಹುಕಾಲದಿಂದ ಪ್ರಚಾರದಲ್ಲಿದೆ. ಅದರ ಬಲಾಬಲವು ವಿಚಾರಾರ್ಹವಾಗಿದೆ.

ಈ ಹೆಸರಿನ ಅತಿ ಪ್ರಾಚೀನ ಉಲ್ಲೇಖವು ಈಸ್ಟ್ ಇಂಡಿಯಾ ಕಂಪೆನಿಯ ನೌಕರನೊಬ್ಬನ 1632ನೆಯ ಇಸವಿಯ ಪತ್ರದಲ್ಲಿದೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಂಡೆಲ್‌ಸ್ಲೋ ಎಣಿಸಿದ ದ್ರವ್ಯಗಳು ನಾಲ್ಕೇ: ಮದ್ಯ, ಪನ್ನೀರು, ನಿಂಬೆಯ ರಸ, ಸಕ್ಕರೆ. ಅನಂತರ ಫ್ರೆಂಚ್ ವೈದ್ಯ ಬರ್ನಿಯೇ ವಂಗದೇಶದಲ್ಲಿ ಕಂಡುದೂ ನಾಲ್ಕೇ: ಕರಿಬೆಲ್ಲದ ಸಾರಾಯಿ, ನಿಂಬೆಯ ರಸ, ನೀರು, ಜಾಯಿಕಾಯಿ. ಇದು ನಾಲಗೆಗೆ ಹಿತ, ದೇಹಕ್ಕೆ ಮಾರಿ ಎಂಬುದು ಅವನ ಅಭಿಪ್ರಾಯ. ಐದು ದ್ರವ್ಯಗಳಿಂದ ಈ ಹೆಸರು ಬಂದಿತೆಂದು ಹೇಳಿದವನು ಆಂಗ್ಲ ವೈದ್ಯ ಫ್ರಯರ್. ಅವನ ಗ್ರಂಥವು ಪ್ರಕಟವಾದುದು 1698ರಲ್ಲಿ.

ಆಂಗ್ಲ ಶಬ್ದದ ಅಂದಿನ ಸ್ವರೋಚ್ಚಾರಣೆ ‘ಪಂಚ’ಕ್ಕೆ ಹೊಂದದೆಂದು ಕೋಶಕಾರರು ಆಕ್ಷೇಪಿಸಿರುವರು. ಆದಕಾರಣ ಈ ವ್ಯುತ್ಪತ್ತಿಯು ಸಂಭಾವ್ಯವೇ ಹೊರತು ಸಿದ್ಧವಲ್ಲ. ಪ್ರಾಚೀನ ಸಾಕ್ಷಿಗಳೆರಡರಲ್ಲಿಯೂ ತಪ್ಪದೆ ಕಾಣುವುದು ಮದ್ಯವೂ ನಿಂಬೆಯೂ. ಸಾರಾಯಿಯ ಕಟುತ್ವವನ್ನು ಆ ಹುಳಿಯೇ ಪಳಗಿಸಿತು. ಪಾನೀಯದ ಆಕರ್ಷಣೆಯು ಸಂಖ್ಯೆಯಲ್ಲಿರದೆ ಆ ರಸಸಾಮರಸ್ಯದಲ್ಲಿದೆ.